ಲೋಗೋ ಬಂದ ಮೇಲೆ ಸ್ಕ್ರೀನ್ ಕಪ್ಪಾದರೆ ಎಲ್ಲಿಂದ ಹುಡುಕಬೇಕು?

ಕಂಪ್ಯೂಟರ್ ಆನ್ ಮಾಡುತ್ತೀರಿ. ಫ್ಯಾನ್ ತಿರುಗುತ್ತದೆ, ಮದರ್‌ಬೋರ್ಡ್ ಕಂಪನಿಯ ಲೋಗೋ ಬರುತ್ತದೆ, ಕೆಳಗೆ ವಿಂಡೋಸ್‌ನ ಚುಕ್ಕಿಗಳು ನಾಲ್ಕು ಸುತ್ತು ಹಾಕುತ್ತವೆ, ಅಷ್ಟಕ್ಕೇ ಸ್ಕ್ರೀನ್ ಕಪ್ಪು. ಆಗ ಬಹಳ ಜನ ಮಾಡುವ ಮೊದಲ ಕೆಲಸ ಕ್ಯಾಬಿನೆಟ್ ಬಿಚ್ಚಿ, ರ‍್ಯಾಮ್ ಕಿತ್ತು, ರಬ್ಬರಿನಿಂದ ಉಜ್ಜುವುದು. ಲೋಗೋ ಬಂದಿದ್ದರೆ ಆ ಶ್ರಮ ಬಹುಮಟ್ಟಿಗೆ ದಂಡ. ಲೋಗೋ ಕಂಡಿತು ಎಂದರೆ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಕೇಬಲ್, ಮಾನಿಟರ್ ಎಲ್ಲವೂ ಆ ಕ್ಷಣದವರೆಗೆ ಕೆಲಸ ಮಾಡಿವೆ. ಸ್ಕ್ರೂಡ್ರೈವರ್ ಹುಡುಕುವ ಮೊದಲು, ಕಪ್ಪಾಗಿದ್ದು ಯಾವ ಘಟ್ಟದಲ್ಲಿ ಅನ್ನುವುದನ್ನು ಗುರುತಿಸಿ.

ಲೋಗೋ ತೋರಿಸುವುದು ವಿಂಡೋಸ್ ಅಲ್ಲ, ಮದರ್‌ಬೋರ್ಡಿನ ಬಯಾಸ್, ಅಂದರೆ ಆನ್ ಆದ ಕೂಡಲೇ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ. ಅದು ಯಾವ ಮಾನಿಟರಿಗೂ ಹೊಂದುವಂಥ ಸರಳ ರೀತಿಯಲ್ಲಿ ಚಿತ್ರ ಕಳಿಸುತ್ತದೆ. ವಿಂಡೋಸ್ ಅರ್ಧ ಲೋಡ್ ಆದ ಮೇಲೆ ಇಂಟೆಲ್, ಎಎಂಡಿ ಅಥವಾ ಎನ್‌ವಿಡಿಯಾದ ಡ್ರೈವರ್ (ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ತಂತ್ರಾಂಶ) ಬಂದು ಗ್ರಾಫಿಕ್ಸನ್ನು ತನ್ನ ಕೈಗೆ ತೆಗೆದುಕೊಳ್ಳುತ್ತದೆ. ಯಾವ ಪೋರ್ಟಿಗೆ, ಯಾವ ರೆಸಲ್ಯೂಷನ್ನಿನಲ್ಲಿ, ಸೆಕೆಂಡಿಗೆ ಎಷ್ಟು ಸಲ ಚಿತ್ರ ಕಳಿಸಬೇಕೆಂದು ಹೊಸದಾಗಿ ತೀರ್ಮಾನಿಸುವುದು ಆಗಲೇ. ಆ ಹೊತ್ತಿನಲ್ಲಿ ಸ್ಕ್ರೀನ್ ಒಂದೆರಡು ಸೆಕೆಂಡ್ ಕಪ್ಪಾಗುವುದು ಸಹಜ. ಹೋದದ್ದು ಮರಳಿ ಬರಲಿಲ್ಲ ಅನ್ನುವುದೇ ಇಲ್ಲಿನ ತೊಂದರೆ.

ಮೊದಲು ಮಾನಿಟರನ್ನೇ ಓದಿ

ಕಪ್ಪಿನಲ್ಲೂ ಬಗೆಗಳಿವೆ. ‘ನೋ ಸಿಗ್ನಲ್’ ಎಂದು ಬಂದು, ಮಾನಿಟರಿನ ಪವರ್ ಲೈಟ್ ಬಣ್ಣ ಬದಲಿಸಿದರೆ ಅಥವಾ ಮಿನುಗತೊಡಗಿದರೆ, ಆ ಕೇಬಲ್ಲಿನಲ್ಲಿ ಏನೂ ಬರುತ್ತಿಲ್ಲ. ‘ಔಟ್ ಆಫ್ ರೇಂಜ್’ ಅಥವಾ ‘ಇನ್‌ಪುಟ್ ನಾಟ್ ಸಪೋರ್ಟೆಡ್’ ಎಂದರೆ ಚಿತ್ರ ಬರುತ್ತಿದೆ, ಆದರೆ ಆ ಮಾನಿಟರಿನ ಮಿತಿ ಮೀರಿದ ರೆಸಲ್ಯೂಷನ್ನಿನಲ್ಲಿ ಅಥವಾ ವೇಗದಲ್ಲಿ. ಸಂದೇಶವೇ ಇಲ್ಲ, ಆದರೆ ಕೋಣೆಯ ದೀಪ ಆರಿಸಿದರೆ ಸ್ಕ್ರೀನ್ ಮಸುಕಾಗಿ ಹೊಳೆಯುವುದು ಕಾಣುತ್ತದೆ ಎಂದರೆ ಸಿಗ್ನಲ್ ಬರುತ್ತಿದೆ. ಕಪ್ಪು ಬಣ್ಣವನ್ನೇ ಕಳಿಸುತ್ತಿರುವುದು ವಿಂಡೋಸ್.

ಈಗ ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ. ಅದರ ಲೈಟ್ ಹೊತ್ತಿ ಆರುತ್ತಿದ್ದರೆ ಮಷೀನ್ ಜೀವಂತವಾಗಿದೆ, ಚಿತ್ರ ಮಾತ್ರ ಇಲ್ಲ. ಲೈಟ್ ಅಲುಗಾಡದಿದ್ದರೆ ಇಡೀ ಸಿಸ್ಟಮ್ ಹ್ಯಾಂಗ್ ಆಗಿದೆ. ಈ ಒಂದು ಪರೀಕ್ಷೆ ಅರ್ಧ ದಾರಿ ಉಳಿಸುತ್ತದೆ.

ಜೀವ ಇದ್ದರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕನ್ನೂ ಒಟ್ಟಿಗೆ ಒತ್ತಿ. ವಿಂಡೋಸ್ 10 ಮತ್ತು 11ರಲ್ಲಿ ಇದು ಗ್ರಾಫಿಕ್ಸ್ ಡ್ರೈವರನ್ನು ಮಾತ್ರ ರೀಸ್ಟಾರ್ಟ್ ಮಾಡುತ್ತದೆ. ಸ್ಪೀಕರ್ ಇದ್ದರೆ ಸಣ್ಣ ಬೀಪ್ ಕೇಳಬಹುದು. ಬರಲಿಲ್ಲವೇ? ಕಣ್ಣುಮುಚ್ಚಿ ಲಾಗಿನ್ ಆಗಿ: ಒಮ್ಮೆ ಎಂಟರ್, ಎರಡು ಸೆಕೆಂಡ್ ಬಿಟ್ಟು ಪಿನ್ ಟೈಪ್ ಮಾಡಿ. ಆಮೇಲೆ ವಿಂಡೋಸ್ ಕೀ ಜೊತೆ ಪಿ ಒತ್ತಿ, ಕೆಳಬಾಣ ಒಂದು ಸಲ, ಎಂಟರ್. ಚಿತ್ರವನ್ನು ವಿಂಡೋಸ್ ಎರಡನೇ ಡಿಸ್‌ಪ್ಲೇಗೆ ಕಳಿಸುತ್ತಿದ್ದರೆ ಹೀಗೆ ವಾಪಸ್ ಬರುತ್ತದೆ. ಗೋಡೆಯ ಟಿವಿಗೂ ಒಂದು ಎಚ್‌ಡಿಎಂಐ ಎಳೆದಿರುವ ಮನೆಗಳಲ್ಲಿ ಇದು ಮಾಮೂಲಿ. ಟಿವಿ ಆಫ್ ಇದ್ದರೂ ಕೇಬಲ್ ಸಿಕ್ಕಿಸಿದ್ದರೆ ಸಾಕು, ಅದನ್ನೇ ಮುಖ್ಯ ಡಿಸ್‌ಪ್ಲೇ ಎಂದು ಲೆಕ್ಕ ಹಾಕಿ ಲಾಗಿನ್ ಪರದೆಯನ್ನು ಅಲ್ಲಿಗೆ ಕಳಿಸಬಹುದು. ಒಂದು ಮಾನಿಟರ್ ಬಿಟ್ಟು ಉಳಿದದ್ದನ್ನೆಲ್ಲ ಕಿತ್ತು ಮತ್ತೆ ಆನ್ ಮಾಡಿ.

ಕೇಬಲ್ ಮತ್ತು ಕನ್ವರ್ಟರ್

ಲೋಗೋ ತೋರಿಸಿದ ಕೇಬಲ್ ಸರಿಯಿದೆ ಅನ್ನುವುದು ಪೂರ್ತಿ ನಿಜವಲ್ಲ. ಕಡಿಮೆ ರೆಸಲ್ಯೂಷನ್ನಿಗೆ ಸಾಕಾಗುವ ಕೇಬಲ್ 144 ಹರ್ಟ್ಸ್‌ಗೋ (ಸೆಕೆಂಡಿಗೆ 144 ಸಲ ಚಿತ್ರ) 4ಕೆಗೋ ಕೈಕೊಡಬಹುದು. ಹೊಸ ಕಂಪ್ಯೂಟರಿಗೆ ಹಳೆಯ ವಿಜಿಎ ಮಾನಿಟರನ್ನು ಕನ್ವರ್ಟರ್ ಹಾಕಿ ಜೋಡಿಸಿದ್ದರಂತೂ ಮೊದಲ ಅನುಮಾನ ಕನ್ವರ್ಟರ್ ಮೇಲೇ ಇರಲಿ. ಮಾನಿಟರ್ ತನ್ನ ಶಕ್ತಿ ಎಷ್ಟೆಂದು ಕೇಬಲ್ಲಿನ ಮೂಲಕವೇ ಕಂಪ್ಯೂಟರಿಗೆ ತಿಳಿಸುತ್ತದೆ. ಅಗ್ಗದ ಕನ್ವರ್ಟರ್ ಈ ಮಾಹಿತಿಯನ್ನು ದಾಟಿಸದಿದ್ದರೆ ಡ್ರೈವರ್ ಊಹೆಯ ಮೇಲೆ ರೆಸಲ್ಯೂಷನ್ ಆರಿಸುತ್ತದೆ, 1440×900ರ ಮಾನಿಟರ್ ‘ಔಟ್ ಆಫ್ ರೇಂಜ್’ ಎನ್ನುತ್ತದೆ.

ಡಿಸ್‌ಪ್ಲೇಪೋರ್ಟ್ ಕೇಬಲ್ಲಿನದ್ದು ಇನ್ನೊಂದು ಕಥೆ. ಅದರ 20ನೇ ಪಿನ್‌ನಲ್ಲಿ 3.3 ವೋಲ್ಟ್ ಇರುತ್ತದೆ. ಮಾನಿಟರಿಗೂ ಕಂಪ್ಯೂಟರಿಗೂ ನಡುವೆ ಹಾಕುವ ಮಾಮೂಲಿ ಕೇಬಲ್ಲಿನಲ್ಲಿ ಆ ಪಿನ್‌ಗೆ ತಂತಿ ಇರಬಾರದು. ಕೆಲವು ಅಗ್ಗದ ಕೇಬಲ್ಲುಗಳಲ್ಲಿ ಇರುತ್ತದೆ. ಆಗ ಮಾನಿಟರಿನಿಂದ ಗ್ರಾಫಿಕ್ಸ್ ಕಾರ್ಡಿಗೆ ಉಲ್ಟಾ ಕರೆಂಟ್ ಹರಿದು, ಕಂಪ್ಯೂಟರ್ ಬೂಟ್ ಆಗಲು ತಕರಾರು ಮಾಡುತ್ತದೆ. ಕಂಪ್ಯೂಟರ್ ಆಫ್ ಮಾಡಿ ಮಾನಿಟರಿನ ಪವರ್ ವೈರನ್ನೂ ಗೋಡೆಯಿಂದ ಕಿತ್ತು ಒಂದು ನಿಮಿಷ ಬಿಟ್ಟರೆ ಸರಿಹೋಗುತ್ತದೆ, ನಾಳೆ ಮತ್ತೆ ಅದೇ ಪಾಡು ಅನ್ನುವಂತಿದ್ದರೆ ಕೇಬಲ್ ಬದಲಿಸಿ ನೋಡಿ.

ಡ್ರೈವರೇ ಕಾರಣ ಎಂದು ಹೇಗೆ ಖಚಿತಪಡಿಸಿಕೊಳ್ಳುವುದು

ಲೋಗೋ ನಂತರದ ಕಪ್ಪಿಗೆ ಹೆಚ್ಚಿನ ಸಲ ಕಾರಣ ಇದೇ, ಅದರಲ್ಲೂ ಹಿಂದಿನ ದಿನ ವಿಂಡೋಸ್ ಅಪ್‌ಡೇಟ್ ಆಗಿದ್ದರೆ. ಕಂಪ್ಯೂಟರ್ ಆನ್ ಮಾಡಿ, ಚುಕ್ಕಿಗಳು ಸುತ್ತತೊಡಗಿದ ಕೂಡಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಎರಡು-ಮೂರು ಸಲ ಹೀಗೆ ಮಾಡಿದರೆ ಮುಂದಿನ ಸಲ ವಿಂಡೋಸ್ ತಾನಾಗಿ ರಿಪೇರಿ ಪರದೆಗೆ ಹೋಗುತ್ತದೆ. ಅಪ್‌ಡೇಟ್ ನಡೆಯುತ್ತಿರುವಾಗ ಮಾತ್ರ ಈ ಪ್ರಯೋಗ ಬೇಡ. ಹಾರ್ಡ್ ಡಿಸ್ಕ್ ಲೈಟ್ ಬಿಡದೆ ಮಿನುಗುತ್ತಿದ್ದರೆ ಅರ್ಧ ಗಂಟೆ ಕಾಯಿರಿ.

ರಿಪೇರಿ ಪರದೆ ಕಂಪನಿಯ ಡ್ರೈವರನ್ನು ಬಳಸುವುದಿಲ್ಲ. ಹಾಗಾಗಿ ಅದು ಸ್ಪಷ್ಟವಾಗಿ ಕಂಡರೆ ಅನುಮಾನ ಡ್ರೈವರ್ ಮೇಲೆ, ಅದೂ ಕಪ್ಪಾದರೆ ಕೇಬಲ್, ಮಾನಿಟರ್ ಅಥವಾ ಕಾರ್ಡಿನ ಮೇಲೆ. ಕಂಡಿತು ಎನ್ನಿ:

1. ‘ಅಡ್ವಾನ್ಸ್ಡ್ ಆಪ್ಷನ್ಸ್’ ಒತ್ತಿ, ‘ಟ್ರಬಲ್‌ಶೂಟ್’, ಮತ್ತೆ ‘ಅಡ್ವಾನ್ಸ್ಡ್ ಆಪ್ಷನ್ಸ್’, ‘ಸ್ಟಾರ್ಟಪ್ ಸೆಟ್ಟಿಂಗ್ಸ್’, ‘ರೀಸ್ಟಾರ್ಟ್’. ನಡುವೆ ಬಿಟ್‌ಲಾಕರ್‌ನ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) 48 ಅಂಕಿಯ ಕೀ ಕೇಳಬಹುದು. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗುವವರಿಗೆ ಅದು ಸಾಮಾನ್ಯವಾಗಿ ಅದೇ ಅಕೌಂಟಿನಲ್ಲಿ ಸಿಗುತ್ತದೆ, ಫೋನಿನಲ್ಲಿ ತೆರೆದು ನೋಡಿ.
2. ಪಟ್ಟಿ ಬಂದಾಗ 4 ಒತ್ತಿದರೆ ಸೇಫ್ ಮೋಡ್ (ಕಂಪನಿಯ ಗ್ರಾಫಿಕ್ಸ್ ಡ್ರೈವರಿಲ್ಲದೆ, ಅಗತ್ಯವಿದ್ದಷ್ಟನ್ನೇ ತೆರೆಯುವ ರೀತಿ), 5 ಒತ್ತಿದರೆ ನೆಟ್‌ವರ್ಕ್ ಸಹಿತ ಸೇಫ್ ಮೋಡ್. ‘ಔಟ್ ಆಫ್ ರೇಂಜ್’ ತೊಂದರೆಗೆ 3 ಸಾಕು, ಕಡಿಮೆ ರೆಸಲ್ಯೂಷನ್ನಿನಲ್ಲಿ ತೆರೆದುಕೊಳ್ಳುತ್ತದೆ.
3. ಡಿವೈಸ್ ಮ್ಯಾನೇಜರ್‌ನಲ್ಲಿ ‘ಡಿಸ್‌ಪ್ಲೇ ಅಡಾಪ್ಟರ್ಸ್’ ಕೆಳಗಿನ ಹೆಸರಿನ ಮೇಲೆ ರೈಟ್ ಕ್ಲಿಕ್, ‘ಪ್ರಾಪರ್ಟೀಸ್’, ‘ಡ್ರೈವರ್’. ‘ರೋಲ್ ಬ್ಯಾಕ್’ ಒತ್ತಲು ಬರುವಂತಿದ್ದರೆ ಹಳೆಯ ಡ್ರೈವರಿಗೆ ಮರಳಿ. ಇಲ್ಲದಿದ್ದರೆ ಅನ್‌ಇನ್‌ಸ್ಟಾಲ್ ಮಾಡಿ, ಡ್ರೈವರ್ ಫೈಲುಗಳನ್ನೂ ತೆಗೆಯಬೇಕೇ ಎಂದು ಕೇಳುವ ಚೌಕಕ್ಕೆ ಟಿಕ್ ಹಾಕಿ.

ಇಲ್ಲೊಂದು ಎಡವಟ್ಟು ಆಗುತ್ತದೆ. ಡ್ರೈವರ್ ತೆಗೆದು ರೀಸ್ಟಾರ್ಟ್ ಮಾಡಿದ ಕೂಡಲೇ ವಿಂಡೋಸ್ ಅಪ್‌ಡೇಟ್ ಅದೇ ಕೆಟ್ಟ ಡ್ರೈವರನ್ನು ಮತ್ತೆ ಇಳಿಸಿಕೊಳ್ಳುತ್ತದೆ. ಆದ್ದರಿಂದ ಬೇಕಾದ ಡ್ರೈವರನ್ನು ಬೇರೆ ಮಷೀನಿನಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿನಲ್ಲಿಟ್ಟುಕೊಳ್ಳಿ, ಇನ್‌ಸ್ಟಾಲ್ ಮುಗಿಯುವವರೆಗೆ ಇಂಟರ್‌ನೆಟ್ ಕಿತ್ತಿಡಿ.

ಇನ್ನೊಂದು ಸೂಚನೆ ಸುಲಭವಾಗಿ ತಪ್ಪಿಹೋಗುತ್ತದೆ. ಶಟ್‌ಡೌನ್ ಮಾಡಿ ಆನ್ ಮಾಡಿದಾಗ ಕಪ್ಪು, ರೀಸ್ಟಾರ್ಟ್ ಮಾಡಿದರೆ ಸರಿ ಅನ್ನುವಂತಿದ್ದರೆ ‘ಫಾಸ್ಟ್ ಸ್ಟಾರ್ಟಪ್’ ಕಾರಣವಿರಬಹುದು. ಅದು ಚಾಲೂ ಇದ್ದಾಗ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ. ವಿಂಡೋಸ್ ತನ್ನ ಒಳಭಾಗವನ್ನು, ಡ್ರೈವರುಗಳ ಸ್ಥಿತಿಯ ಸಮೇತ, ಡಿಸ್ಕಿಗೆ ಬರೆದಿಟ್ಟು ಮರುದಿನ ಹಾಗೇ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಶುರುಮಾಡುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ‘ಪವರ್ ಆಪ್ಷನ್ಸ್’ನಲ್ಲಿ ಪವರ್ ಬಟನ್ ಏನು ಮಾಡಬೇಕೆಂದು ಆರಿಸುವ ಪುಟಕ್ಕೆ ಹೋಗಿ ಅದರ ಟಿಕ್ ತೆಗೆಯಿರಿ. ಎಸ್‌ಎಸ್‌ಡಿ ಇರುವ ಮಷೀನಿನಲ್ಲಿ ಇದರಿಂದ ದೊಡ್ಡ ನಷ್ಟವೇನಿಲ್ಲ.

ಕಪ್ಪಿನ ನಡುವೆ ಮೌಸ್‌ನ ಬಾಣ ಓಡಾಡುತ್ತಿದ್ದರೆ ಹೆಚ್ಚಿನ ಸಲ ಡ್ರೈವರ್ ಸರಿಯಿರುತ್ತದೆ, ಡೆಸ್ಕ್‌ಟಾಪ್ ತೆರೆದುಕೊಂಡಿರುವುದಿಲ್ಲ ಅಷ್ಟೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ‘ರನ್ ನ್ಯೂ ಟಾಸ್ಕ್’ನಲ್ಲಿ ಎಕ್ಸ್‌ಪ್ಲೋರರ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಂಟರ್ ಒತ್ತಿ.

ಉಬುಂಟುವಿನಲ್ಲಿ

ವಿಂಡೋಸ್ ಬದಲು ಉಬುಂಟು (ಲಿನಕ್ಸ್‌ನ ಒಂದು ರೂಪ) ಇದ್ದರೆ, ಆನ್ ಮಾಡಿ ಲೋಗೋ ಹೋದ ಕೂಡಲೇ ಎಸ್ಕೇಪ್ ಒಂದೇ ಸಲ ಒತ್ತಿ (ಹಳೆಯ ಬಯಾಸ್ ಇದ್ದರೆ ಶಿಫ್ಟ್ ಹಿಡಿದಿರಿ), ಯಾವುದನ್ನು ಬೂಟ್ ಮಾಡಬೇಕೆಂದು ಆರಿಸುವ ಗ್ರಬ್ ಮೆನು ಬರುತ್ತದೆ. ಅಪ್‌ಡೇಟ್ ಆದ ಮೇಲೆ ಶುರುವಾದ ತೊಂದರೆಯಾದರೆ ಮೊದಲು ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗಿನ ಹಿಂದಿನ ಕರ್ನಲ್ (ಸಿಸ್ಟಮ್‌ನ ತಿರುಳು) ಆರಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಉಬುಂಟು ಸಾಲಿನ ಮೇಲೆ ನಿಂತು ಇ ಅಕ್ಷರ ಒತ್ತಿ. ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಯ ಕಡೆ ಕ್ವೈಟ್ ಸ್ಪ್ಲಾಶ್ ಎಂದಿರುತ್ತದೆ. ಅದರ ಮುಂದೆ ಒಂದು ಜಾಗ ಬಿಟ್ಟು ನೋಮೋಡ್‌ಸೆಟ್ ಎಂದು ಸೇರಿಸಿ: ಎನ್, ಒ, ಎಂ, ಒ, ಡಿ, ಇ, ಎಸ್, ಇ, ಟಿ, ಎಲ್ಲವೂ ಸಣ್ಣ ಅಕ್ಷರ, ನಡುವೆ ಜಾಗವಿಲ್ಲ. ಎಫ್10 ಒತ್ತಿದರೆ ಬೂಟ್ ಆಗುತ್ತದೆ. ಡ್ರೈವರ್ ಗ್ರಾಫಿಕ್ಸನ್ನು ಕೈಗೆ ತೆಗೆದುಕೊಳ್ಳದಂತೆ ಇದು ತಡೆಯುತ್ತದೆ, ಆ ಒಂದು ಸಲಕ್ಕೆ ಮಾತ್ರ. ಒಳಗೆ ಹೋದ ಮೇಲೆ ‘ಅಡಿಷನಲ್ ಡ್ರೈವರ್ಸ್’ನಿಂದ ಸರಿಯಾದದ್ದನ್ನು ಹಾಕಿಕೊಳ್ಳಿ.

ಎನ್‌ವಿಡಿಯಾ ಡ್ರೈವರ್ ಹಾಕುವಾಗ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಸೌಲಭ್ಯ) ಆನ್ ಇದ್ದರೆ ಒಂದು ಪಾಸ್‌ವರ್ಡ್ ಇಡಲು ಹೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆಯೊಂದು ಕೆಲವೇ ಸೆಕೆಂಡ್ ಕಾಯುತ್ತದೆ. ಅಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಆ ಪಾಸ್‌ವರ್ಡ್ ಕೊಡದಿದ್ದರೆ ಹೊಸ ಡ್ರೈವರ್ ಲೋಡ್ ಆಗುವುದೇ ಇಲ್ಲ. ಹೆದರಿ ದಾಟಿಹೋಗುವವರೇ ಹೆಚ್ಚು.

ಲೋಗೋ ಕೂಡ ಬರದಿದ್ದರೆ

ಈಗ ಕ್ಯಾಬಿನೆಟ್ ಬಿಚ್ಚಬಹುದು, ಆದರೆ ಮೊದಲು ಹಿಂಬದಿ ನೋಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದೂ ಮಾನಿಟರ್ ಕೇಬಲ್ ಮದರ್‌ಬೋರ್ಡಿನ ಪೋರ್ಟಿನಲ್ಲಿದೆಯೇ? ಇಂಟೆಲ್‌ನ 12400ಎಫ್‌ನಂಥ ಎಫ್ ಬಾಲದ ಪ್ರೊಸೆಸರುಗಳಲ್ಲಿ, ರೈಜೆನ್ 5 5600ರಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲ, ಆ ಪೋರ್ಟಿನಿಂದ ಏನೂ ಬರುವುದಿಲ್ಲ. ಡಿಡಿಆರ್5 ರ‍್ಯಾಮ್ ಈಗಷ್ಟೇ ಹಾಕಿದ್ದರೆ ಮೊದಲ ಬೂಟಿನಲ್ಲಿ ಕೆಲವು ನಿಮಿಷ ಕಪ್ಪಾಗಿರುವುದು ಸಹಜ, ನಡುವೆ ಆಫ್ ಮಾಡಬೇಡಿ.

ಮದರ್‌ಬೋರ್ಡಿನ ಅಂಚಿನಲ್ಲಿ ಸಿಪಿಯು (ಪ್ರೊಸೆಸರ್), ಡಿರ‍್ಯಾಮ್ (ರ‍್ಯಾಮ್), ವಿಜಿಎ (ಇಲ್ಲಿ ಗ್ರಾಫಿಕ್ಸ್ ಕಾರ್ಡ್), ಬೂಟ್ ಎಂಬ ನಾಲ್ಕು ಸಣ್ಣ ಎಲ್‌ಇಡಿಗಳಿದ್ದರೆ ಯಾವುದು ಆರದೆ ನಿಂತಿತು ಎಂಬುದನ್ನು ನೋಡಿ. ಡಿರ‍್ಯಾಮ್ ಆದರೆ, ಗೋಡೆಯ ಸ್ವಿಚ್ ಆಫ್ ಮಾಡಿ, ಒಂದೇ ರ‍್ಯಾಮ್ ಕಡ್ಡಿಯನ್ನು ಪ್ರೊಸೆಸರಿನಿಂದ ಎರಡನೇ ಸ್ಲಾಟಿಗೆ ಹಾಕಿ, ಕ್ಲಿಪ್ ಟಕ್ಕೆನ್ನುವವರೆಗೆ ಒತ್ತಿ. ವಿಜಿಎ ಆದರೆ ಕಾರ್ಡ್ ಕಿತ್ತು ಮತ್ತೆ ಕೂರಿಸಿ, ಪವರ್ ಸಪ್ಲೈ ಪೆಟ್ಟಿಗೆಯಿಂದ (ಎಸ್‌ಎಂಪಿಎಸ್) ಬರುವ 6 ಅಥವಾ 8 ಪಿನ್ ವೈರ್ ಪೂರ್ತಿ ಒಳಗೆ ಹೋಗಿದೆಯೇ ನೋಡಿ. ಸ್ಲಾಟ್ ಕೊಡುವುದು 75 ವ್ಯಾಟ್ ಮಾತ್ರ, 8 ಪಿನ್ ವೈರ್ 150 ವ್ಯಾಟ್. ಟೈಮ್ ದಿನಾ ತಪ್ಪಾಗಿ ತೋರಿಸುತ್ತಿದ್ದ ಹಳೆಯ ಮಷೀನಾದರೆ ನಾಣ್ಯದಂಥ ಸಿಆರ್2032 ಸೆಲ್ ಬದಲಿಸಿ.

ಲ್ಯಾಪ್‌ಟಾಪ್ ಆಗಿದ್ದರೆ ಬೇರೆ ಮಾನಿಟರ್ ಸಿಕ್ಕಿಸಿ ನೋಡುವುದು ಮೊದಲ ಕೆಲಸ. ಅದರಲ್ಲಿ ಚಿತ್ರ ಬಂದರೆ, ಲ್ಯಾಪ್‌ಟಾಪ್ ಸ್ಕ್ರೀನಿನ ಮೇಲೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಅಕ್ಷರಗಳು ಮಬ್ಬಾಗಿ ಕಂಡರೆ ಬ್ಯಾಕ್‌ಲೈಟ್ ಹೋಗಿದೆ. ಮುಚ್ಚಳ ತುಸು ಮುಂದೆ ಹಿಂದೆ ಮಾಡಿದಾಗ ಚಿತ್ರ ಬಂದು ಹೋದರೆ ಹಿಂಜ್ ಬಳಿ ಹಾದುಹೋಗುವ ಡಿಸ್‌ಪ್ಲೇ ಕೇಬಲ್ ಸವೆದಿದೆ. ಅಂಗಡಿಗೆ ಕೊಡುವಾಗ ಇದನ್ನೇ ಹೇಳಿ. ಕೇಬಲ್ಲಿಗೆ ಆಗುವ ಖರ್ಚು ಇಡೀ ಪ್ಯಾನೆಲ್ ಬದಲಿಸುವುದಕ್ಕಿಂತ ಬಹಳ ಕಡಿಮೆ.