ನಾಳೆ ಎಕ್ಸ್‌ಪೈರ್ ಆಗೋದು ಏನಿದೆ?

ಜಿಲ್ಲಾ ಕೇಂದ್ರವೊಂದರ ರಕ್ತನಿಧಿಯಲ್ಲಿ ನಾನು ಟೆಕ್ನಿಷಿಯನ್. ಊರಿನಲ್ಲಿ ಒಟ್ಟು ನಾಲ್ಕು ರಕ್ತನಿಧಿಗಳಿವೆ. 2020ರಲ್ಲಿ ನಿಯಮದ ಪುಸ್ತಕದಲ್ಲಿ ‘ಬ್ಯಾಂಕ್’ ಹೋಗಿ ‘ಕೇಂದ್ರ’ ಬಂತು. ಜನ ಮಾತ್ರ ಈಗಲೂ ಬ್ಲಡ್ ಬ್ಯಾಂಕ್ ಅಂತಲೇ ಕರೆಯುತ್ತಾರೆ.

ಮಳೆ ಹಿಡಿದು ಡೆಂಗಿ ಶುರುವಾದರೆ ಪ್ಲೇಟ್‌ಲೆಟ್‌ಗಾಗಿ ಫೋನ್ ಮೇಲೆ ಫೋನ್. ಪ್ಲೇಟ್‌ಲೆಟ್ ಬಾಳಿಕೆ ಐದೇ ದಿನ. ಅದರಲ್ಲೂ ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್, ಮಲೇರಿಯಾ ಅಂತ ಪರೀಕ್ಷೆ ಮುಗಿಸುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ದಿನ ಹೋಗಿರುತ್ತದೆ. ಒಂದು ಭಾನುವಾರ ರಾತ್ರಿ ಒಬ್ಬರು ಮಗಳಿಗೆ ಬೇಕೆಂದು ನಾಲ್ಕೂ ಕಡೆ ಅಲೆದರು. ಎಲ್ಲ ಕಡೆ ‘ಇಲ್ಲ’. ಮಂಗಳವಾರ ಟೀ ಅಂಗಡಿಯಲ್ಲಿ ಇನ್ನೊಂದು ಬ್ಯಾಂಕಿನ ಹುಡುಗ ಸಿಕ್ಕಿದ. ‘ಅದೇ ಗುಂಪಿನ ಆರು ಯೂನಿಟ್ ಇವತ್ತು ಬಿಸಾಕಿದ್ವಿ ಸಾರ್’ ಅಂದ. ತಮ್ಮ ಆಸ್ಪತ್ರೆಗೆ ಬೇಕಾಗಬಹುದು ಅಂತ ಎತ್ತಿಟ್ಟಿದ್ದರಂತೆ. ಸುಳ್ಳು ಹೇಳಿದ್ದರು ಅಂತ ಬೈಯೋಕೂ ಮನಸ್ಸು ಬರಲಿಲ್ಲ. ನಾವೂ ಹಾಗೇ ಎತ್ತಿಡುತ್ತೇವೆ.

ಕಾನೂನು ಅಡ್ಡ ಬರುತ್ತೆ ಅಂತ ಬಹಳ ದಿನ ಅಂದುಕೊಂಡಿದ್ದೆ. ಹಾಗೇನಿಲ್ಲ. ಒಂದು ರಕ್ತನಿಧಿಯಿಂದ ಇನ್ನೊಂದಕ್ಕೆ ರಕ್ತ ಸಾಗಿಸಲು ರಾಷ್ಟ್ರೀಯ ರಕ್ತ ವರ್ಗಾವಣೆ ಪರಿಷತ್ತು ಅವಕಾಶ ಕೊಟ್ಟು ವರ್ಷಗಳಾಗಿವೆ. ಅಡ್ಡ ಬಂದದ್ದು ರಕ್ತದಾನದ ಕ್ಯಾಂಪ್. ಕಾಲೇಜಿನಲ್ಲೋ ದೇವಸ್ಥಾನದಲ್ಲೋ ಕ್ಯಾಂಪ್ ಯಾರಿಗೆ ಸಿಗುತ್ತೋ ಅವರ ಬಳಿ ರಕ್ತ. ‘ಅವರ ಹತ್ತಿರ ಬೇಕಾದಷ್ಟಿದೆ, ಈ ಸಲ ನಮಗೆ ಕೊಡಿ’ ಅಂತ ಇನ್ನೊಂದು ಬ್ಯಾಂಕಿನವರು ಕ್ಯಾಂಪ್ ನಡೆಸುವವರನ್ನು ಹೋಗಿ ಕೇಳಿದರೆ ಮುಗೀತು. ಹೀಗಾಗಿ ಯಾರೂ ಲೆಕ್ಕ ಬಿಟ್ಟುಕೊಡಲ್ಲ. ಸರ್ಕಾರದ ಇ-ರಕ್ತಕೋಶ್ ವೆಬ್‌ಸೈಟ್‌ನಲ್ಲಿ ದಾಸ್ತಾನು ತೋರಿಸಲು ಜಾಗವಿದೆ, ನಿಜ. ನಮ್ಮೂರಿನಲ್ಲಿ ಅದನ್ನು ನೋಡಿ ಯಾರೂ ಆಟೊ ಹತ್ತಲ್ಲ.

ಮೊದಲು ನಾನು ವಾಟ್ಸಾಪ್ ಗುಂಪು ಮಾಡಿದೆ. ದಿನಾ ಸ್ಟಾಕ್ ಹಾಕಿ ಅಂದೆ. ಮೂರು ದಿನ ಹಾಕಿದರು, ಆಮೇಲೆ ಬರೀ ಶುಭೋದಯ. ಆಗ ಪ್ರಶ್ನೆ ಬದಲಾಯಿಸಿದೆ. ಎಷ್ಟಿದೆ ಅಂತ ಕೇಳೋದು ಬಿಟ್ಟು, ರಾತ್ರಿ ಪಾಳಿಯವರಿಗೆ ಫೋನ್ ಮಾಡಿ, ‘ನಾಳೆ ಎಕ್ಸ್‌ಪೈರ್ ಆಗೋದು ಏನಿದೆ?’ ಅಂತ ಮಾತ್ರ ಕೇಳತೊಡಗಿದೆ. ಇದಕ್ಕೆ ಉತ್ತರ ಬಂತು! ಹಾಳಾಗೋದನ್ನು ಹೇಳಿದರೆ ಒಟ್ಟು ಲೆಕ್ಕ ಗೊತ್ತಾಗಲ್ಲ ಅಲ್ವಾ. ಮೇಲಿನವರನ್ನೂ ಒಪ್ಪಿಸಿದೆವು. ತಗೊಂಡವರು ಸಂಸ್ಕರಣಾ ಶುಲ್ಕವಷ್ಟೇ ಕೊಡಬೇಕು, ಲಾಭ ಇಲ್ಲ.

ಎರಡನೇ ತಿಂಗಳಲ್ಲೇ ಎಡವಟ್ಟಾಯಿತು. ಪ್ಲೇಟ್‌ಲೆಟ್ 20ರಿಂದ 24 ಡಿಗ್ರಿಯಲ್ಲಿ, ಅಲುಗಾಡುತ್ತಾ ಇರಬೇಕು. ರಕ್ತ ಅಂದ್ರೆ ಐಸ್ ಅಂತ ಡ್ರೈವರ್ ನಾಲ್ಕು ಚೀಲವನ್ನೂ ಐಸ್ ಪೆಟ್ಟಿಗೆಗೆ ತುಂಬಿದ್ದ. ಅಷ್ಟೂ ಕಸಕ್ಕೆ. ದುಡ್ಡು ಯಾರು ಕೊಡಬೇಕು ಅಂತ ಎರಡು ವಾರ ಜಗಳ, ಮಾತೂ ನಿಂತಿತು. ಕೊನೆಗೆ, ಪೆಟ್ಟಿಗೆ ಕಳಿಸಿದವರದೇ ಹೊಣೆ ಅಂತ ಬರೆದಿಟ್ಟೆವು. ತಪ್ಪು ನಮ್ಮ ಡ್ರೈವರ್‌ನದು, ಪೆಟ್ಟಿಗೆಯೂ ನಮ್ಮದೇ. ದುಡ್ಡು ನಾವೇ ಕಟ್ಟಿದೆವು.

ಈಗ ಮೂರು ಬ್ಯಾಂಕ್ ಕೊಟ್ಟು ತಗೊಳ್ಳುತ್ತೇವೆ. ನಾಲ್ಕನೆಯದರಲ್ಲಿ ಸೋಂಕನ್ನು ಇನ್ನೂ ಬೇಗ ಹಿಡಿಯುವ ನ್ಯಾಟ್ ಪರೀಕ್ಷೆ ಇದೆ, ನಮ್ಮಲ್ಲಿ ಮಾಮೂಲಿ ಎಲಿಸಾ ಪರೀಕ್ಷೆ ಮಾತ್ರ. ಅಲ್ಲಿನ ಡಾಕ್ಟರ್ ಮೇಡಂ ನೇರವಾಗಿ ಹೇಳಿದರು: ‘ನಿಮ್ಮ ಯೂನಿಟ್‌ನಿಂದ ನನ್ನ ಪೇಷೆಂಟ್‌ಗೆ ಏನಾದರೂ ಆದರೆ ಕೇಳೋದು ನನ್ನನ್ನೇ ಅಲ್ವಾ?’ ನನಗೆ ಉತ್ತರ ಹೊಳೆಯಲಿಲ್ಲ. ಕೇಳಿದಾಗ ಅವರು ಕೊಡುತ್ತಾರೆ. ನಮ್ಮಿಂದ ಮಾತ್ರ ತಗೊಳ್ಳಲ್ಲ.