ಜಟ್ರೋಫಾ ಕಾಯಿ ಮಷಿನ್‌ನಿಂದ ಉದುರಿಸೋದು ಹೆಂಗ

ಗಂಗಾವತಿ, ಸಿಂಧನೂರು ಕಡೆ ಭತ್ತಕ್ಕ ಕಂಬೈನ್ ಬಂದು ಹೊತ್ತು ಮುಳುಗೋದ್ರಾಗ ಹೊಲ ಖಾಲಿ ಮಾಡಿ ಹೋಗೋದು ನೋಡಿದವ್ರು, ಕುಷ್ಟಗಿ ಯಲಬುರ್ಗಾ ಮಸಾರಿ (ಕೆಂಪು ಮಣ್ಣಿನ) ಹೊಲದಾಗ ಬಯೋಡೀಸೆಲ್ ಎಣ್ಣಿಗಂತ ಜಟ್ರೋಫಾ, ಅಂದ್ರ ಕಾಡುಹರಳು, ಇಟ್ಟವ್ರು, ನಮಗೂ ಅಂಥ ಮಷಿನ್ ಇಲ್ಲೇನ್ರಿ ಅಂತ ಕೇಳ್ತಾರ. ಕಂಬೈನ್ ಇದಕ್ಕ ನಡಿಯೋದಿಲ್ರಿ, ಅದು ಪೈರು ಕೊಯ್ದು ಒಕ್ಕತೈತಿ, ಕಾಡುಹರಳು ವರ್ಷಾನುಗಟ್ಟಲೆ ನಿಲ್ಲೋ ಗಿಡ, ಅಲ್ಲಾಡಿಸೇ ಕಾಯಿ ಉದುರಿಸಬೇಕು.

ಅಲ್ಲೇ ನೋಡ್ರಿ ಕಷ್ಟ ಇರೋದು. ಒಂದ ಗೊಂಚಲು ಹಿಡಿದು ನೋಡ್ರಿ, ಒಂದು ಕಾಯಿ ಕರ್ರಗ ಒಣಗಿರತೈತಿ, ಪಕ್ಕದ್ದು ಹಳದಿ, ಇನ್ನೆರಡು ಹಸಿರು, ತುದಿಗೆ ಹೂವು ಬ್ಯಾರೆ. ಹಸಿರು ಕಾಯಾಗ ಎಣ್ಣಿ ಇನ್ನೂ ಪೂರ್ತಿ ತುಂಬಿರೋದಿಲ್ಲ, ಅದು ಗಿಡದಾಗ ಉಳೀಬೇಕು. ಹೂವಾದ ಮ್ಯಾಲೆ ಹಣ್ಣಾಗಾಕ ಸುಮಾರು 3 ತಿಂಗಳು ಬೇಕು, ಹಂಗಾಗಿ ಒಂದ ಸಲಕ್ಕ ಕೊಯ್ಲು ಮುಗಿಸ್ತೀನಿ ಅನ್ನೋ ಆಸೆ ಬಿಟ್ಟುಬಿಡ್ರಿ, ಒಂದೆರಡು ವಾರಕ್ಕೊಮ್ಮೆ ತಿರುಗಿ ಬರಲೇಬೇಕು.

ಹೊರದೇಶದಾಗ ಬ್ಲೂಬೆರ್ರಿ, ದ್ರಾಕ್ಷಿ ಸಾಲಿನ ಮ್ಯಾಲೆ ಹಾಯ್ದು ಹೋಗೋ ದೊಡ್ಡ ಮಷಿನ್ ಅದಾವು, ಅವನ್ನ ಜಟ್ರೋಫಾಕ್ಕೂ ಹೊಂದಿಸ್ಯಾರ, ಆದ್ರ ನಮ್ಮ ಎರಡು ಮೂರು ಎಕರೆಗೆ ಅದು ಗಿಟ್ಟೋದಿಲ್ಲ. ನಾನು ಹೇಳೋದು ಕೈಯಾಗ ಹಿಡಿಯೋ ಶೇಕರ್, ಅಂದ್ರ ಟೊಂಗಿ ಹಿಡಿದು ಅಲ್ಲಾಡಿಸೋ ಸಣ್ಣ ಮಷಿನ್, ಕಾಫಿ ಆಲಿವ್ ಉದುರಿಸಾಕ ಬಳಸೋ ತರದ್ದು, ಬ್ಯಾಟರಿದಾರ ಇರ್ಲಿ ಸಣ್ಣ ಇಂಜಿನ್‌ದಾರ ಇರ್ಲಿ.

ಮಷಿನ್ ತರೋಕಿಂತ ಮೊದ್ಲು ಗಿಡ ಸವರ್ರಿ. ಬ್ಯಾಸಿಗಿ ಶುರುವಾಗೋ ಹೊತ್ತಿಗೆ ಎಲಿ ಉದುರಿ ಗಿಡದ ಬೆಳವಣಿಗಿ ನಿಂತಿರತೈತಿ, ಆವಾಗ ಕತ್ತರಿಸಿದ್ರ ಮಳಿಗಾಲದಾಗ ಹೊಸ ಟೊಂಗಿ ಜಾಸ್ತಿ ಒಡಿತಾವು, ಹೂವು ಬರೋದು ಹೊಸ ಟೊಂಗಿ ತುದಿಗೇ. ಎತ್ತರ ಆಳಿನ ಕೈಗೆ ಸಿಗೋವಷ್ಟು ಇರ್ಲಿ. ಬುಡದಾಗಿನ ಅಡ್ಡ ಟೊಂಗಿ ತಗೀರಿ, ಇಲ್ಲಾಂದ್ರ ತಾಡಪತ್ರಿ ಬುಡಕ್ಕ ಸೇರೋದೇ ಇಲ್ಲ, ಅರ್ಧ ಕಾಯಿ ಕಸದಾಗ ಬಿದ್ದು ಹೋಗತೈತಿ.

ಉದುರಿಸುವಾಗ ಬುಡದ ಎರಡೂ ಕಡೆ ತಾಡಪತ್ರಿ ಹಾಸಿ ಒಂದರ ಅಂಚು ಇನ್ನೊಂದರ ಮ್ಯಾಲೆ ಬರಂಗ ಮಾಡ್ರಿ. ಶೇಕರ್‌ನ ಟೊಂಗಿ ಹಿಡಿಯೋ ಕೊಕ್ಕಿಗೆ ರಬ್ಬರ್ ಸುತ್ರಿ, ಈ ಗಿಡದ ಕಟ್ಟಿಗಿ ಮೆತ್ತಗ, ತೊಗಟಿ ಕಿತ್ರ ಹಾಲು ಸುರಿತೈತಿ, ಅದು ಬಟ್ಟಿಗೆ ಹತ್ತಿದ್ರ ಕಲೆ ಹೋಗೋದಿಲ್ಲ. ಸ್ಪೀಡ್ ಕಮ್ಮಿ ಇಟ್ಟು ಒಂದೆರಡು ಸೆಕೆಂಡ್ ಅಲ್ಲಾಡಿಸಿ ನಿಲ್ಲಿಸಿ ಬಗ್ಗಿ ತಾಡಪತ್ರಿ ನೋಡ್ರಿ, ಕರಿದು ಹಳದಿ ಬಿದ್ದು ಹಸಿರು ಮ್ಯಾಲೇ ಉಳಿದ್ರ ಅದೇ ಸ್ಪೀಡು ಸರಿ. ಹಸಿರು ಕಾಯಿ, ಹೂವು ಉದುರಾಕ ಹತ್ತಿದ್ರ ತಕ್ಷಣ ಸ್ಪೀಡ್ ಇಳಸ್ರಿ, ಅದು ನಿಮ್ಮ ಮುಂದಿನ ಫಸಲು.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಈ ಬೀಜ ವಿಷ. ಹುಡುಗ್ರು ಶೇಂಗಾ ಅಂತ ತಿಂದು ವಾಂತಿ ಭೇದಿ ಹತ್ತಿ ದವಾಖಾನಿ ಸೇರೋದು ನಮ್ಮ ದೇಶದಾಗ ಮತ್ತ ಮತ್ತ ಆಗತೈತಿ. ಹೊಲದಾಗ ಹುಡುಗ್ರನ್ನ ಆರಿಸಾಕ ಹಚ್ಚಬ್ಯಾಡ್ರಿ, ಕೈಗವಸು ಹಾಕ್ರಿ, ರಾಶಿ ಹತ್ರ ದನ ಬಿಡಬ್ಯಾಡ್ರಿ.

ತಂದ ಕಾಯಿ ಚೀಲದಾಗ ಹಸಿಯಾಗೇ ಕಟ್ಟಿಟ್ರ ಬೂಸ್ಟು ಹಿಡಿದು ಎಣ್ಣಿ ಹುಳಿ ಆಗತೈತಿ, ಅಂಥ ಎಣ್ಣಿಗೆ ಬಯೋಡೀಸೆಲ್ ಮಾಡುವಾಗ ಕಾಸ್ಟಿಕ್ ಸೋಡಾ ಹಾಕಿದ್ರ ಡೀಸೆಲ್ ಬದ್ಲು ಸಾಬೂನು ಕಟ್ಟತೈತಿ. ತೆಳ್ಳಗ ಹರವಿ ಒಣಗಿಸಿ ಸಿಪ್ಪಿ ಬಿಡಿಸ್ರಿ. ಗಾಣದಾಗ ಲೀಟರ್ ಎಣ್ಣಿಗೆ ಸುಮಾರು 4 ಕೆಜಿ ಬೀಜ ಬೇಕಾಗತೈತಿ. ಹಿಂಡಿ ದನಕ್ಕ ಹಾಕಬ್ಯಾಡ್ರಿ, ಹೊಲಕ್ಕ ಗೊಬ್ಬರ ಆಗಿ ಹಾಕ್ರಿ.