ಚಂದದ ದಿಂಬುಗಳು ರಾತ್ರಿ ಎಲ್ಲಿ ಮಲಗುತ್ತವೆ?

ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆಯ ಕಡೆಗಿದೆ. ಹಳೆಯ ತೊಟ್ಟಿ ಮನೆ. ಮೂರು ಕೋಣೆಗಳನ್ನು ಹೋಮ್‌ಸ್ಟೇಗೆ ಅಂತ ಬಿಟ್ಟಿದ್ದೇವೆ. ಅಡುಗೆ ಅತ್ತೆಯದು, ಲೆಕ್ಕ ಮತ್ತು ತೋಟ ಇವರದು. ಮಂಚಕ್ಕೆ ಹಾಸೋದು, ದಿಂಬು ಜೋಡಿಸೋದು ಮೊದಲ ದಿನದಿಂದಲೂ ನನ್ನ ಕೆಲಸ. ನನಗೆ ತುಂಬಾ ಇಷ್ಟದ ಕೆಲಸ ಅದು. ದೂರದಿಂದ ಬಂದವರು ಬಾಗಿಲು ತೆಗೆದ ಕೂಡಲೇ ಕಣ್ಣಿಗೆ ಬೀಳೋದು ಮಂಚವೇ ಅಲ್ವಾ?

ನಾನು ಧಾರವಾಡದವಳು. ಮದುವೆಯಾಗಿ ಬರುವಾಗ ಅವ್ವ ಕೊಟ್ಟ ಗುಳೇದಗುಡ್ಡದ ಖಣದ ಬಟ್ಟೆಗಳು ಪೆಟ್ಟಿಗೆಯಲ್ಲಿ ಹಾಗೇ ಇದ್ದವು. ಖಣ ಅಂದರೆ ಕುಪ್ಪಸಕ್ಕೆ ಅಂತಲೇ ನೇಯುವ ಬಟ್ಟೆ. ಮೈತುಂಬಾ ಸಣ್ಣ ಸಣ್ಣ ಬುಟ್ಟಾ, ಎರಡೂ ಕಡೆ ಅಂಚು. ಇಷ್ಟೊಂದು ಕುಪ್ಪಸ ನಾನು ಯಾವಾಗ ಹೊಲಿಸಲಿ? ದಿಂಬಿನ ಗವಸು ಮಾಡಿಸಿಬಿಟ್ಟೆ. ಮೊದಲ ಕೋಣೆ ಸಿದ್ಧವಾದಾಗ ಒಂದೇ ಮಂಚದ ಮೇಲೆ ಒಂಬತ್ತು ದಿಂಬು ಇಟ್ಟಿದ್ದೆ. ಹಿಂದೆ ನಾಲ್ಕು ಬಿಳಿ ದಿಂಬು, ಅವುಗಳ ಮುಂದೆ ದೊಡ್ಡ ಚೌಕದವು ಎರಡು, ಅದರ ಮುಂದೆ ಚಿಕ್ಕವು ಎರಡು, ಎಲ್ಲಕ್ಕಿಂತ ಮುಂದೆ ಒಂದು ಲೋಡು. ಫೋಟೋ ಬಹಳ ಚೆನ್ನಾಗಿ ಬಂತು. ಅತ್ತೆ ಬಾಗಿಲಲ್ಲಿ ನಿಂತು ನೋಡಿ ಕೇಳಿದರು: "ಈ ಚಂದದ ದಿಂಬೆಲ್ಲ ರಾತ್ರಿ ಎಲ್ಲಿ ಮಲಗ್ತಾವೆ ಮಾರಾಯ್ತಿ?"

ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆಯ ತೂಕ ಗೊತ್ತಾಗಿದ್ದು ಜುಲೈ ತಿಂಗಳಲ್ಲಿ.

ವಯಸ್ಸಾದ ಗಂಡ ಹೆಂಡತಿ ಬಂದಿದ್ದರು. ಬೆಳಿಗ್ಗೆ ಕಾಫಿ ಕೊಡಲು ಹೋದಾಗ ಆ ಅಮ್ಮನ ಕೆನ್ನೆಯ ಮೇಲೆ ಖಣದ ಅಂಚಿನ ಗೆರೆ ಅಚ್ಚೊತ್ತಿದಂತೆ ಮೂಡಿತ್ತು. "ತಪ್ಪು ತಿಳ್ಕೋಬೇಡಮ್ಮ, ತಲೆ ಯಾವುದರ ಮೇಲೆ ಇಡಬೇಕು ಅಂತಾನೇ ಗೊತ್ತಾಗಲಿಲ್ಲ" ಅಂದರು. ಹಿಂದಿನ ಬಿಳಿ ದಿಂಬುಗಳು ಒರಗಿ ಕೂರೋಕೆ ಅಂತ ಅಂದುಕೊಂಡು, ಕೈಗೆ ಸಿಕ್ಕಿದ ಅಲಂಕಾರದ ದಿಂಬಿನ ಮೇಲೇ ರಾತ್ರಿ ಕಳೆದಿದ್ದರು. ಉಳಿದವನ್ನು ಗೋಡೆ ಬದಿಯಲ್ಲಿ ನೆಲದ ಮೇಲೆ ಸಾಲಾಗಿ, ಬಹಳ ಜೋಪಾನವಾಗಿ ಇಟ್ಟಿದ್ದರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಜುಲೈನಲ್ಲಿ ನಮ್ಮ ಕಡೆ ನೆಲವೇ ಬೆವರುತ್ತದೆ. ಕೆಂಪು ಖಣದ ಬಣ್ಣ ಬಿಟ್ಟು ಪಕ್ಕದ ಹಳದಿ ಗವಸಿಗೆ ಹತ್ತಿತ್ತು. ಗವಸು ಹಾಳಾಗಿದ್ದಕ್ಕೆ ಬೇಜಾರಾಯಿತು, ನಿಜ. ಆದರೆ ಆ ಅಮ್ಮನಿಗೆ ಸರಿಯಾಗಿ ನಿದ್ದೆ ಬರಲಿಲ್ಲ ಅನ್ನೋದು ಅದಕ್ಕಿಂತ ಜಾಸ್ತಿ ಚುಚ್ಚಿತು.

ಅವರು ಹೊರಟ ಮೇಲೆ ಆ ಮಂಚದ ಮೇಲಿದ್ದದ್ದನ್ನೆಲ್ಲ ತೆಗೆದೆ. ಬರೀ ಹಾಸಿಗೆಯಿಂದ ಮತ್ತೆ ಶುರು ಮಾಡಿದೆ.

ಮೊದಲು ಮಲಗುವ ದಿಂಬು. ನಮ್ಮಲ್ಲಿ ಅಂಗಡಿಯಲ್ಲಿ ಸಿಗುವ ಸಾಮಾನ್ಯ ದಿಂಬು 17 ಇಂಚು ಅಗಲ, 27 ಇಂಚು ಉದ್ದ. ಆರಡಿ ಮಂಚ ಅಂದರೆ 72 ಇಂಚು. ಎರಡು ದಿಂಬು ಪಕ್ಕಪಕ್ಕ ಇಟ್ಟರೆ 54 ಇಂಚು, ಉಳಿಯೋದು 18. ಅದನ್ನು ಮೂರು ಪಾಲು ಮಾಡಿದೆ. ಎರಡು ಅಂಚಿಗೆ ಆರಾರು, ನಡುವೆ ಆರು. ಐದಡಿ ಮಂಚದಲ್ಲಿ ಉಳಿಯೋದು ಬರೀ 6 ಇಂಚು, ಅಂದರೆ ಎರಡೆರಡು. ಇಷ್ಟು ಮಾಡಿದರೆ ಸಾಕು, ದಿಂಬುಗಳು ಅಳತೆ ಮಾಡಿ ಇಟ್ಟ ಹಾಗೆ ಕಾಣುತ್ತವೆ. ನಾನು ಈಗಲೂ ಟೇಪು ಹಿಡಿಯಲ್ಲ. ಆರು ಇಂಚು ಅಂದರೆ ನನ್ನ ಗೇಣಿಗಿಂತ ಎರಡು ಬೆರಳು ಕಮ್ಮಿ.

ದಿಂಬನ್ನು ನಿಲ್ಲಿಸಬೇಕೋ ಮಲಗಿಸಬೇಕೋ? ಹೋಟೆಲ್‌ಗಳಲ್ಲಿ ತಲೆಹಲಗೆಗೆ ಒರಗಿಸಿ ನಿಲ್ಲಿಸುತ್ತಾರೆ. ಎತ್ತರದ, ಮೆತ್ತೆ ಹೊದಿಸಿದ ತಲೆಹಲಗೆಗೆ ಅದು ಒಪ್ಪುತ್ತದೆ. ನಮ್ಮ ಮಂಚ ಬೀಟೆ ಮರದ್ದು. ತಲೆಹಲಗೆ ತಗ್ಗು, ಅದರ ಮೇಲೆ ಬಳ್ಳಿಯ ಕೆತ್ತನೆ. ದಿಂಬು ನಿಲ್ಲಿಸಿದರೆ ಆ ಕೆತ್ತನೆ ಪೂರ್ತಿ ಮುಚ್ಚಿಹೋಗುತ್ತದೆ. ಹಾಗಾಗಿ ಒಂದರ ಮೇಲೊಂದು ಮಲಗಿಸುತ್ತೇನೆ, ಒಂದೊಂದು ಕಡೆ ಎರಡು. ಗವಸಿನ ತೆರೆದ ಬಾಯಿ ಬಾಗಿಲಿಗೆ ವಿರುದ್ಧ ದಿಕ್ಕಿಗೆ ಮುಖ ಮಾಡಿರಬೇಕು. ಒಳಗೆ ಬಂದವರಿಗೆ ಮಡಿಸಿದ ಅಂಚಷ್ಟೇ ಕಾಣಬೇಕು, ಒಳಗಿನ ದಿಂಬು ಇಣುಕಬಾರದು.

ಆ ಎರಡರಲ್ಲಿ ಒಂದು ದಪ್ಪ, ಒಂದು ತೆಳು. ಇದನ್ನು ಅತಿಥಿಗಳನ್ನು ನೋಡಿ ನೋಡಿ ಕಲಿತೆ. ಮಗ್ಗುಲಾಗಿ ಮಲಗುವವರಿಗೆ ಭುಜದ ಎತ್ತರ ತುಂಬಲು ದಪ್ಪ ದಿಂಬು ಬೇಕು. ಅಂಗಾತ ಮಲಗುವವರಿಗೆ ಅಷ್ಟು ಬೇಡ. ಬೋರಲು ಮಲಗುವವರು ತೆಳು ದಿಂಬನ್ನೂ ಪಕ್ಕಕ್ಕೆ ತಳ್ಳಿರುತ್ತಾರೆ. ಕೆಳಗೆ ಗಟ್ಟಿ ಫೈಬರ್ ದಿಂಬು, ಮೇಲೆ ಬೂರುಗದ ಹತ್ತಿಯ ತೆಳು ದಿಂಬು ಇಡುತ್ತೇನೆ. ತೆಳು ದಿಂಬಿನ ಗವಸಿನ ಅಂಚಿಗೆ ನೀಲಿ ದಾರದಲ್ಲಿ ಒಂದು ಸಾಲು ಹೊಲಿಗೆ ಹಾಕಿದ್ದೇನೆ. ಕೋಣೆ ತೋರಿಸುವಾಗ "ನೀಲಿ ಗೆರೆ ಇರೋದು ತೆಳು, ಇನ್ನೊಂದು ದಪ್ಪ" ಅಂತ ಹೇಳಿಬಿಡುತ್ತೇನೆ. ಗವಸು ಎಲ್ಲಾ ಬಿಳಿ ಕಾಟನ್. ತಲೆ ಇಡೋದು ಬಿಳಿಯ ಮೇಲೆ, ಬಣ್ಣದವು ನೋಡೋಕೆ. ಯಾರೂ ಕೇಳದೆಯೇ ಅದು ಗೊತ್ತಾಗಬೇಕು.

ಬೂರುಗದ ದಿಂಬು ಅತ್ತೆಯ ಕೈಯದು. ಬೇಸಿಗೆಯಲ್ಲಿ ಕಾಯಿ ಒಡೆಯುವ ಹೊತ್ತಿಗೆ ತಂದು, ಬೀಜ ತೆಗೆದು, ಬಿಸಿಲಿಗೆ ಒಣಗಿಸಿ ತುಂಬುತ್ತಾರೆ. ಆ ಎಳೆ ಎಷ್ಟು ನುಣುಪು ಅಂದರೆ ನೂಲಲು ಬರುವುದಿಲ್ಲ, ಜಾರಿಹೋಗುತ್ತದೆ. ತಲೆ ಇಟ್ಟರೆ ತಂಪು. ಆದರೆ ಆರೈಕೆ ಕೇಳುತ್ತದೆ. ಒಗೆಯುವ ಹಾಗಿಲ್ಲ, ಗಂಟು ಕಟ್ಟುತ್ತದೆ. ವರ್ಷಕ್ಕೊಮ್ಮೆ ಹೊಲಿಗೆ ಬಿಚ್ಚಿ ಕೈಯಲ್ಲಿ ಬಿಡಿಸಿ ಮತ್ತೆ ತುಂಬಬೇಕು. ಇನ್ನೊಂದು ಮಾತು, ಇದನ್ನು ಮರೆಯಬೇಡಿ: ಬೂರುಗದ ಹತ್ತಿಗೆ ಬೆಂಕಿ ಬಹಳ ಬೇಗ ಹತ್ತುತ್ತದೆ. ಮಳೆಗಾಲದಲ್ಲಿ ನಾವು ಬಟ್ಟೆಗಳನ್ನು ಬಚ್ಚಲೊಲೆಯ ಮೇಲೆ ಹರವುತ್ತೇವೆ. ಆ ಕಡೆಗೆ ಈ ದಿಂಬು ಹೋಗಲೇಬಾರದು.

ಮಳೆಗಾಲದ ಇನ್ನೊಂದು ಪಾಠ ದೊಡ್ಡ ಚೌಕದ ದಿಂಬುಗಳದ್ದು. 24 ಇಂಚಿನ ಆ ಎರಡು ದಿಂಬನ್ನು ಬಿಳಿ ದಿಂಬುಗಳ ಮುಂದೆ ಒತ್ತಿ ಇಟ್ಟಾಗ ನೋಡಲು ತುಂಬಿದಂತೆ ಇರುತ್ತಿತ್ತು. ನಾಲ್ಕು ದಿನ ಕೋಣೆ ಖಾಲಿ ಇದ್ದು, ತೆಗೆದು ನೋಡಿದರೆ ಹಿಂದಿನ ದಿಂಬುಗಳಿಗೆ ಮುಗ್ಗಲು ವಾಸನೆ. ಗಾಳಿಯೇ ಆಡಿರಲಿಲ್ಲ. ಒಂದರ ಮೂಲೆಯಲ್ಲಿ ಬೂಷ್ಟು ಕೂಡ ಹಿಡಿದಿತ್ತು. ಒಣ ಊರಿನಲ್ಲಿ ಇರುವವರು ಆ ದೊಡ್ಡ ಚೌಕ ಇಟ್ಟುಕೊಳ್ಳಲಿ, ಮಲಗುವ ದಿಂಬಿಗೆ ಧೂಳು ಕೂರದಂತೆ ತಡೆಯುತ್ತದೆ. ನಮ್ಮ ಮಲೆನಾಡಿಗೆ ಅದು ಬೇಡ. ಅವನ್ನು ಜಗಲಿಯ ಬೆಂಚಿಗೆ ಹಾಕಿದೆ. ಅಲ್ಲಿ ಒರಗಿ ಕೂತು ಮಳೆ ನೋಡುವವರಿಗೆ ಸರಿಯಾಗಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾಲಿ ಕೋಣೆಯಲ್ಲಿ ದಿಂಬು ಜೋಡಿಸಿ ಇಡೋದನ್ನೇ ಬಿಟ್ಟಿದ್ದೇನೆ. ಅತಿಥಿಗಳು ಬರುವ ದಿನ ಬೆಳಿಗ್ಗೆ ಗವಸಿಗೆ ಬಿಸಿ ಇಸ್ತ್ರಿ ಹಾಕಿ, ಆಮೇಲೆ ಜೋಡಿಸುತ್ತೇನೆ.

ಇನ್ನು ಅಲಂಕಾರದವು. ಎಷ್ಟು ಇಡಬೇಕು? ಎರಡೋ, ಮೂರೋ, ಐದೋ ಅಂತ ಬಹಳ ಯೋಚನೆ ಮಾಡಿದೆ. ಉತ್ತರ ಅತ್ತೆಯ ಪ್ರಶ್ನೆಯಲ್ಲೇ ಇತ್ತು. ಅಟ್ಟದ ಮೇಲೆ ನಾಲ್ಕಡಿ ಉದ್ದದ ಹಳೆಯ ಮರದ ಪೆಟ್ಟಿಗೆ ಇತ್ತು. ಇಳಿಸಿ, ಒರೆಸಿ, ಎಣ್ಣೆ ಹಚ್ಚಿ ಮಂಚದ ಕಾಲ ಕಡೆಗೆ ಇಟ್ಟೆ. ಅದರ ಮುಚ್ಚಳದ ಮೇಲೆ ಆರಾಮಾಗಿ ಹಿಡಿಸೋದು ಎರಡು ಚೌಕ ದಿಂಬು, ಒಂದು ಲೋಡು. ಅಷ್ಟೇ ಮಂಚದ ಮೇಲೂ ಇರೋದು. ಮಲಗುವ ಮುಂಚೆ ಎರಡು ಸಲ ಕೈಚಾಚಿದರೆ ಮಂಚ ಖಾಲಿ. ಪೆಟ್ಟಿಗೆ ಇಲ್ಲದವರು ಒಂದು ಕುರ್ಚಿ ಅಥವಾ ದೊಡ್ಡ ಬೆತ್ತದ ಬುಟ್ಟಿ ಇಡಬಹುದು. ಜಾಗ ಮೊದಲು, ದಿಂಬು ಆಮೇಲೆ. ಜಾಗವೇ ಇಲ್ಲ ಅಂದರೆ ಒಂದೇ ಒಂದು ದಿಂಬು ಇಡಿ, ಅದೂ ಚೆನ್ನಾಗಿಯೇ ಕಾಣುತ್ತದೆ.

ಚೌಕದವು 16 ಇಂಚಿನವು. ಒಳಗೆ ತುಂಬೋದು 18 ಇಂಚಿನ ದಿಂಬು. ಗವಸಿಗಿಂತ ಎರಡು ಇಂಚು ದೊಡ್ಡದಿದ್ದರೆ ಮೂಲೆ ಜೋತುಬೀಳಲ್ಲ. ಮೊದಲು ಸರಿಸಮ ಅಳತೆಯದು ಹಾಕಿದ್ದೆ, ಮೂರೇ ವಾರಕ್ಕೆ ಸೊರಗಿದವು. ಮೂಲೆ ಕಿವಿಯಂತೆ ಚಾಚಿಕೊಳ್ಳದಿರಲು ನಮ್ಮ ಟೈಲರಣ್ಣ ಒಂದು ಉಪಾಯ ಹೇಳಿಕೊಟ್ಟರು. ಬಟ್ಟೆಯನ್ನು ಪೂರ್ತಿ ಚೌಕವಾಗಿ ಕತ್ತರಿಸದೆ, ಮೂಲೆಯ ಹತ್ತಿರ ಅರ್ಧ ಇಂಚು ಒಳಕ್ಕೆ ಓರೆ ಮಾಡಬೇಕು. ಹೊಲಿದು ತುಂಬಿದ ಮೇಲೆ ನೋಡಿದರೆ ನಿಜವಾದ ಚೌಕ ಅನ್ನಿಸುತ್ತದೆ. ಜಿಪ್ ಲೋಹದ್ದು ಬೇಡ, ಒಂದು ಮಳೆಗಾಲಕ್ಕೆ ತುಕ್ಕು ಹಿಡಿದು ಕಲೆ ಮಾಡುತ್ತದೆ. ಪ್ಲಾಸ್ಟಿಕ್ ಜಿಪ್ ಹಾಕಿಸಿ.

ಎರಡು ಖಣದ ಚೌಕವನ್ನು ಬಿಳಿ ದಿಂಬುಗಳ ಮುಂದೆ, ಒಂದೊಂದು ಕಡೆಯ ನಡುವಿಗೆ ಸರಿಯಾಗಿ, ಸ್ವಲ್ಪ ಒರಗಿಸುತ್ತೇನೆ. ಖಣದ ಅಂಚು ಎರಡರಲ್ಲೂ ಒಂದೇ ದಿಕ್ಕಿಗೆ ಇರಬೇಕು. ಒಂದು ಅಡ್ಡ, ಒಂದು ಉದ್ದ ಆದರೆ ಕಣ್ಣಿಗೆ ಕಿರಿಕಿರಿ. ಲೋಡು ಮಂಚದ ಸರಿ ಮಧ್ಯಕ್ಕೆ. ಕೆಲವರು ದಿಂಬಿನ ತಲೆಗೆ ಕೈಯಿಂದ ಹೊಡೆದು ನಡುವೆ ಗುಳಿ ಮಾಡುತ್ತಾರೆ. ಫೈಬರ್ ತುಂಬಿದ್ದರಲ್ಲಿ ಅದು ಐದು ನಿಮಿಷ ನಿಲ್ಲಲ್ಲ, ನಾನು ಮಾಡಲ್ಲ. ಕಾಲ ಕಡೆ ಅವ್ವ ಹೊಲಿದ ಕೌದಿ ಮಡಿಸಿಡುತ್ತೇನೆ. ಅದರಲ್ಲೇ ಹತ್ತು ಬಣ್ಣ ಇರುವುದರಿಂದ ದಿಂಬಿಗೆ ಎರಡೇ ಬಣ್ಣ ಸಾಕು.

ಕಸೂತಿ ಹಾಕಿದ ಒಂದು ಗವಸೂ ನನ್ನ ಹತ್ತಿರ ಇದೆ. ಗವಂತಿ, ಮುರಗಿ ಎರಡೂ ಹೊಲಿಗೆ ಅದರಲ್ಲಿವೆ. ಬಳೆ, ಉಗುರು ತಾಗಿದರೆ ದಾರ ಎಳೆದು ಬರುತ್ತದೆ. ಅದನ್ನು ಅತಿಥಿಗಳ ಮಂಚಕ್ಕೆ ಹಾಕುವುದಿಲ್ಲ, ನನ್ನ ಕೋಣೆಯಲ್ಲಿದೆ.

ಹೋದ ದೀಪಾವಳಿಗೆ ಅವ್ವ ಬಂದಿದ್ದಳು. ಅವಳಿಗೆ ಆ ಮೊದಲ ಕೋಣೆಯನ್ನೇ ಕೊಟ್ಟೆ. ಬೆಳಿಗ್ಗೆ ಹೋಗಿ ನೋಡಿದರೆ ಚೌಕ ದಿಂಬುಗಳು ಪೆಟ್ಟಿಗೆಯ ಮೇಲಿವೆ, ಲೋಡು ಮಾತ್ರ ಇಲ್ಲ. ಅವ್ವ ಅಂಗಾತ ಮಲಗಿ ಅದನ್ನು ಮೊಣಕಾಲ ಕೆಳಗೆ ಇಟ್ಟುಕೊಂಡಿದ್ದಳು. "ಇದನ್ನ ಮೊಳಕಾಲ ಬುಡಕ ಇಟ್ಕೊಂಡ್ರ ನಡಾ ಹಗುರ ಆಗ್ತದ ನೋಡವಾ, ಭಾಳ ಛಲೋ ನಿದ್ದಿ ಬಂತು" ಅಂದಳು. ಆಮೇಲೆ ಗಮನಿಸಿದೆ, ವಯಸ್ಸಾದ ಅತಿಥಿಗಳು ಸುಮಾರು ಜನ ಹಾಗೇ ಮಾಡುತ್ತಾರೆ. ನಾನು ಅಲಂಕಾರಕ್ಕೆ ಅಂತ ಇಟ್ಟದ್ದು ಮಲಗುವ ದಿಂಬಿನ ಸಾಲಿಗೆ ಸೇರಿಬಿಟ್ಟಿದೆ. ಹಾಗಾದರೆ ಅದಕ್ಕೂ ಒಗೆಯುವ ಗವಸು ಬೇಕು. ಒಳಗೆ ಬಿಳಿ ಕಾಟನ್ ಗವಸು, ಅದರ ಮೇಲೆ ಎರಡೂ ತುದಿಗೆ ದಾರ ಕಟ್ಟಿ ಬಿಚ್ಚುವಂಥ ಖಣದ ಹೊದಿಕೆ. ಒಂದು ಕೋಣೆಯ ಲೋಡಿಗೆ ಹೊಲಿದು ಮುಗಿಸಿದ್ದೇನೆ. ಉಳಿದೆರಡಕ್ಕೆ ಬಟ್ಟೆ ಕತ್ತರಿಸಿ ಇಟ್ಟಿದ್ದೇನೆ.